ಹಿನಕಲ್ ಸಭೆಯ ಹಾಡಿನ ಮೇಷ್ಟ್ರು

ಚರ್ಚಿನಲ್ಲಿ ಹಾಡು ಅನ್ನೋದು ತಾನಾಗೇ ಶುರುವಾಗುತ್ತೆ ಅಂದುಕೊಂಡಿದ್ದೀರಾ? ಆಗೋಲ್ಲ ಕಣ್ರೀ. ಯಾರಾದರೂ ಒಬ್ಬರು ಮೊದಲು ಬಾಯಿ ತೆಗೀಬೇಕು. ಅದಕ್ಕೆ ಹಾಡು ಎತ್ತೋದು ಅಂತಾರೆ. ಪಾದ್ರಿ ಅಯ್ಯನವರು ಪೀಠದಿಂದ ಹಾಡಿನ ನಂಬರು ಹೇಳುತ್ತಾರೆ, ಎಲ್ಲರೂ ಪುಸ್ತಕದ ಹಾಳೆ ತಿರುವುತ್ತಾರೆ, ಆಮೇಲೆ ಒಂದು ಗಳಿಗೆ ಎಲ್ಲರ ಕಣ್ಣೂ ಎತ್ತುವವರ ಕಡೆಗೆ ಹೋಗುತ್ತದೆ. ಅವರು ಮೊದಲ ಸಾಲು ಹಿಡಿದರು ಅಂದರೆ ಮಿಕ್ಕವರು ಹಿಂದೆ ಹೋಗುತ್ತಾರೆ. ಹಿನಕಲ್‌ನ ಪುಟ್ಟ ಸಭೆಯಲ್ಲಿ ಸುಮಾರು ಮೂವತ್ತು ವರ್ಷ ಹಾಡು ಎತ್ತಿದವರು ಒಬ್ಬರೇ, ಪರಂಜ್ಯೋತಿ. ಊರವರ ಬಾಯಲ್ಲಿ ಹಾಡಿನ ಮೇಷ್ಟ್ರು.

ಕಸುಬಿನಲ್ಲಿ ಅವರು ಟೈಲರು. ಚಾಮರಾಜಪುರಂನಲ್ಲಿ, ಒಂದು ಕಾಫಿಪುಡಿ ಅಂಗಡಿಯ ಪಕ್ಕ, ಮನುಷ್ಯ ಅಡ್ಡ ಮಲಗಿದರೆ ಗೋಡೆಗೆ ತಲೆ ತಾಗುವಷ್ಟು ಜಾಗದಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದರು. ಕೈ ಅಚ್ಚುಕಟ್ಟು. ತೋಳಿನ ಹೊಲಿಗೆ ಒಂದು ನೂಲಿನಷ್ಟು ಆಚೀಚೆ ಆದರೂ ಬಿಚ್ಚಿ ಮತ್ತೆ ಹೊಲಿಯೋರು. ಗಿರಾಕಿಗೆ ಅದು ಕಾಣಿಸುತ್ತಿರಲಿಲ್ಲ, ಇವರಿಗೆ ಕಾಣಿಸುತ್ತಿತ್ತು, ಅಷ್ಟೇ.

ಸಂಗೀತ ಸಿಕ್ಕಿದ್ದೂ ಬ್ಲೌಸಿನ ದೆಸೆಯಿಂದಲೇ. ಪಕ್ಕದ ಲಕ್ಷ್ಮೀಪುರಂನಲ್ಲಿ ಅಶ್ವತ್ಥ ಅನ್ನೋ ವಿದ್ವಾಂಸರು ಮನೆಯ ಜಗಲಿಯ ಮೇಲೆ ಮಕ್ಕಳಿಗೆ ಪಾಠ ಹೇಳೋರು. ಅವರ ಹೆಂಡತಿ ರಮಾಮಣಿಯವರ ಬ್ಲೌಸ್ ಕೊಡೋಕೆ ಹೋದ ಹುಡುಗ ಪರಂಜ್ಯೋತಿ, ಪೊಟ್ಟಣ ಕೈಯಲ್ಲೇ ಹಿಡಿದುಕೊಂಡು ಪಾಠ ಮುಗಿಯೋವರೆಗೂ ಗೇಟಿನ ಹತ್ತಿರ ನಿಂತುಬಿಟ್ಟ.

"ಏನಯ್ಯ, ಕಂಬದ ಹಾಗೆ ನಿಂತಿದ್ದೀಯಲ್ಲ, ಹಾಡ್ತೀಯೇನು?" ಅಂದರು ಗುರುಗಳು.

"ಚರ್ಚಲ್ಲಿ ಹಾಡ್ತೀನಿ ಸ್ವಾಮಿ."

"ಎಲ್ಲಿ, ಒಂದು ಬರಲಿ."

ಹಾಡಿದ. ಗುರುಗಳು ಕಣ್ಣು ಮುಚ್ಚಿ ಕೇಳಿದರು. "ಗಂಟಲು ದೇವರು ಕೊಟ್ಟಿದ್ದಾನೆ. ಮಿಕ್ಕಿದ್ದೆಲ್ಲ ಕೆಟ್ಟು ಕೆರ ಹಿಡಿದಿದೆ. ನಾಳೆ ಬೆಳಿಗ್ಗೆ ಬಾ."

ಯಾವ ಜಾತಿ, ಯಾವ ದೇವರು ಅಂತ ಆ ಪುಣ್ಯಾತ್ಮ ಒಂದು ದಿನವೂ ಕೇಳಲಿಲ್ಲ. ಆದರೆ ಪಾಠದ ಕ್ರಮ ಮಾತ್ರ ಕಬ್ಬಿಣದ್ದು. ಬೈಯೋದಿಲ್ಲ, ಹೊಡೆಯೋದಿಲ್ಲ. ಒಂದು ಸ್ವರ ಜಾರಿತೋ, ಅಂಗೈ ಎತ್ತೋರು. ಹಾಡು ನಿಲ್ಲಬೇಕು. "ಮೊದಲಿಂದ" ಅನ್ನೋರು. ಮತ್ತೆ ಜಾರಿತೋ, ಮತ್ತೆ ಕೈ, ಮತ್ತೆ ಮೊದಲಿಂದ. "ತಪ್ಪು ಒಂದು ಸಲ ಬಾಯಲ್ಲಿ ಕೂತರೆ ಹಳೇ ಬಾಡಿಗೆದಾರನ ಹಾಗೆ ಕಣೋ, ಏಳೋದೇ ಇಲ್ಲ" ಅನ್ನೋದು ಅವರ ಮಾತು. ಹತ್ತು ಜನ ಶಿಷ್ಯರು ಬಂದರೆ ಒಂಬತ್ತು ಜನ ಓಡಿಹೋಗೋರು. ಓಡಿಹೋಗದೆ ಉಳಿದವನು ಈ ಟೈಲರು. ಕೈ ಎತ್ತಿದಾಗಲೆಲ್ಲ ಅವನಿಗೆ ಅವಮಾನ ಆಗುತ್ತಿರಲಿಲ್ಲ, ಸಂತೋಷ ಆಗುತ್ತಿತ್ತು. ನನ್ನ ತಪ್ಪನ್ನೂ ಇಷ್ಟು ಗಮನ ಕೊಟ್ಟು ಕೇಳೋರು ಒಬ್ಬರಿದ್ದಾರಲ್ಲ ಅಂತ. ಎಲ್ಲರಿಗೂ ಹಾಗೇ ಅನ್ನಿಸುತ್ತೆ ಅಂತ ಅವನು ಅಂದುಕೊಂಡ. ಅಲ್ಲೇ ನೋಡಿ ಎಡವಟ್ಟಾಗಿದ್ದು.

ಮದುವೆಯಾಗಿ ಹಿನಕಲ್‌ಗೆ ಮನೆ ಮಾಡಿದ ಮೇಲೆ ಪರಂಜ್ಯೋತಿ ಅಲ್ಲಿನ ಸಭೆಗೆ ಸೇರಿದರು. ಆಗ ಅದು ಶೀಟು ಹೊದಿಸಿದ ಒಂದು ಕೋಣೆ. ಸುತ್ತಲ ಹಳ್ಳಿಗಳಿಂದ ಬಂದ ಬೇಸಾಯದ ಮನೆತನದವರು, ಗಾರೆ ಕೆಲಸದವರು, ಆಸ್ಪತ್ರೆ ಆಯಾಗಳು. ಹಾಡೋಕೆ ಎದ್ದರೆ ಒಬ್ಬರು ಮೈಸೂರಿನ ಕಡೆ ಹೊರಟರೆ ಇನ್ನೊಬ್ಬರು ಹುಣಸೂರಿನ ಕಡೆ. ಪರಂಜ್ಯೋತಿಯವರಿಗೆ ಕಿವಿಗೆ ಕಾದ ಸೀಸ ಹುಯ್ದ ಹಾಗಾಯಿತು. ಎರಡನೇ ಬೆಂಚಿನಿಂದ ಎದ್ದು ನಿಂತು ತಾವೇ ಹಾಡು ಎತ್ತಿದರು. ಎಂಥಾ ಧ್ವನಿ ಅಂತೀರಿ! ಹೊರಗೆ ಬೀದಿಯಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿ ಕೇಳಿದ. ಅವತ್ತಿನಿಂದ ಹಾಡಿನ ಭಾರ ಇವರ ಹೆಗಲಿಗೆ ಬಂತು. ಕೆಲವೇ ವರ್ಷಗಳಲ್ಲಿ ಹಿನಕಲ್ ಸಭೆಯ ಹಾಡು ಕೇಳೋಕೆ ಅಂತಲೇ ಬೇರೆ ಕಡೆಯವರು ಕ್ರಿಸ್‌ಮಸ್‌ಗೆ ಬರೋ ಹಾಗಾಯಿತು. ಇದು ಸುಳ್ಳಲ್ಲ, ಅವರಿಗೆ ಸಲ್ಲಬೇಕಾದ ಹೆಸರು ಸಲ್ಲಲೇಬೇಕು.

ಆದರೆ ಗುರುಗಳ ಆ ಅಂಗೈಯೂ ಜೊತೆಗೇ ಬಂದಿತ್ತಲ್ಲ. ಸಭೆ ಹಾಡುತ್ತಿರುವಾಗ ಯಾರಾದರೂ ಸ್ವರ ತಪ್ಪಿದರೆ ಪರಂಜ್ಯೋತಿ ಅಂಗೈ ಎತ್ತೋರು. ಇಡೀ ಸಭೆ ಗಪ್‌ಚುಪ್. "ಮೊದಲಿಂದ." ಮೊದಮೊದಲು ಜನ ನಕ್ಕರು. ಆಮೇಲೆ ತಪ್ಪಬಾರದು ಅಂತ ಮೆಲ್ಲಗೆ ಹಾಡತೊಡಗಿದರು. ಆಮೇಲೆ ತುಟಿ ಮಾತ್ರ ಆಡಿಸತೊಡಗಿದರು. ಇವರ ಧ್ವನಿ ಕಂಚಿನದ್ದು, ಅದೊಂದೇ ಇಡೀ ಕೋಣೆ ತುಂಬುತ್ತಿದ್ದುದರಿಂದ ಮಿಕ್ಕವರು ಹಾಡುತ್ತಿಲ್ಲ ಅನ್ನೋದು ಯಾರಿಗೂ ಗೊತ್ತಾಗಲಿಲ್ಲ. ಅವರಿಗಂತೂ ಗೊತ್ತೇ ಆಗಲಿಲ್ಲ.

ಪುಟ್ಟಲಿಂಗಮ್ಮನ ವಿಷಯ ಹೇಳಲೇಬೇಕು. ಆಕೆಯ ಮಗ ಲಿಂಗರಾಜು ಗಾರೆ ಕೆಲಸ ಮಾಡುವಾಗ ಸಾರುವೆಯಿಂದ ಬಿದ್ದು, ಬದುಕೋದಿಲ್ಲ ಅಂತ ಆಸ್ಪತ್ರೆಯವರು ಕೈ ಚೆಲ್ಲಿದ್ದರು. ಬದುಕಿದ. ನಡೆದುಕೊಂಡು ಚರ್ಚಿಗೆ ಬಂದ ಭಾನುವಾರ, ದೇವರ ಉಪಕಾರ ನೆನೆದು ಸ್ತೋತ್ರ ಹೇಳೋ ಹೊತ್ತಿನಲ್ಲಿ, ಅಕ್ಷರ ಬಾರದ ಆ ತಾಯಿ ಎದ್ದು ನಿಂತು ತನಗೆ ಗೊತ್ತಿದ್ದ ಒಂದು ಹಾಡನ್ನ ರಾಗಿ ಬೀಸೋ ಪದದ ಧಾಟಿಯಲ್ಲಿ ತಾನೇ ಎತ್ತಿಬಿಟ್ಟಳು. ಕಣ್ಣಲ್ಲಿ ನೀರು ಸುರೀತಿತ್ತು. ಹಿಂದಿನ ಬೆಂಚಿನವರು ಚಪ್ಪಾಳೆ ಹಾಕೋಕೆ ಶುರು ಮಾಡಿದರು. ಪರಂಜ್ಯೋತಿಯವರ ಅಂಗೈ ಎದ್ದಿತು.

"ಪುಟ್ಟಲಿಂಗಮ್ಮ, ಅದು ಆ ಧಾಟಿಯಲ್ಲ. ಬನ್ನಿ, ಮೊದಲಿಂದ."

"ನಂಗೆ ಮೊದಲಿಂದ ಬರಾಕಿಲ್ಲ ಬುಡಪ್ಪ" ಅಂದು ಆಕೆ ಕೂತುಬಿಟ್ಟಳು. ಪರಂಜ್ಯೋತಿ ಅದೇ ಹಾಡನ್ನ ಸರಿಯಾದ ರಾಗದಲ್ಲಿ, ಬಹಳ ಚೆನ್ನಾಗಿ ಹಾಡಿ ಮುಗಿಸಿದರು. ಆಕೆ ಮತ್ತೆ ಬಾಯಿ ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಸಂಘಮಿತ್ರ ತಟ್ಟೆ ಹಾಕುತ್ತಾ ಹೇಳಿದರು: "ರೀ, ಆಯಮ್ಮ ಹಾಡಿದ್ದು ನಿಮಗಲ್ಲ, ದೇವರಿಗೆ."

"ದೇವರಿಗೆ ಅಂದ ಮೇಲೆ ಇನ್ನೂ ಸರಿಯಾಗಿ ಹಾಡಬೇಕು ತಾನೇ?"

ಸಂಘಮಿತ್ರ ಸಾರು ಬಡಿಸಿದರು.

ಶೀಟಿನ ಕೋಣೆ ಹೋಗಿ ಮೋಲ್ಡಿಂಗ್ ಹಾಕಿದ ಕಟ್ಟಡವಾಯಿತು. ಕಟ್ಟಡ ದೊಡ್ಡದಾದ ಹಾಗೆ ಜನ ಕಡಿಮೆಯಾದರು. ಹರೆಯದವರೆಲ್ಲ ರಿಂಗ್ ರಸ್ತೆಯ ಆಚೆ, ಗಿಟಾರು ಡ್ರಮ್ಮು ಇಟ್ಟುಕೊಂಡ ಬೇರೆ ಸಭೆಗೆ ಹೋಗತೊಡಗಿದರು. "ಹೋಗ್ಲಿ ಬುಡಿ, ಅಲ್ಲಿ ನಡೆಯೋದು ಕಿರುಚಾಟ" ಅಂದರು ಪರಂಜ್ಯೋತಿ. ಆಗಲೇ ಬಂದವರು ನಿಶಾಂತ್ ಅಯ್ಯನವರು. ಮೂವತ್ತರ ಹರೆಯ, ಮನೆಮನೆಗೆ ಸ್ಕೂಟರಿನಲ್ಲಿ ಸುತ್ತೋ ಹುರುಪು. ಸಭಾಪಾಲಕರ ಯಾವುದೋ ತರಬೇತಿ ಮುಗಿಸಿಕೊಂಡು ಬಂದವರೇ ನೇರ ಟೈಲರ್ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಮೇಷ್ಟ್ರೇ, ಸಭೆ ಗಟ್ಟಿಯಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಒಂದು ಪ್ರಶ್ನೆ ಕೇಳ್ಕೋಬೇಕಂತೆ. ಮುಂದೆ ನಿಂತವನು ನಾಳೆ ಇಲ್ಲ ಅಂದ್ರೆ ಕೆಲಸ ನಡೀತದಾ, ನಿಲ್ತದಾ? ನಡೆದರೆ ಅವನು ನಾಯಕ. ನಿಂತರೆ ಬರೀ ಒಳ್ಳೇ ಕೆಲಸಗಾರ."

ಪರಂಜ್ಯೋತಿಯವರಿಗೆ ಚುರುಕ್ ಅಂತು. "ನನ್ನನ್ನ ಬಿಡಿಸಬೇಕು ಅಂತ ನೋಡ್ತಿದ್ದೀರಾ ಅಯ್ಯನವರೇ?"

"ಅಯ್ಯೋ ಇಲ್ಲಪ್ಪ! ನೀವಿರುವಾಗಲೇ ನಾಲ್ಕು ಜನ ತಯಾರಾಗ್ಲಿ ಅಂತ. ಮೊದಲು ಕೆಟ್ಟದಾಗೇ ಎತ್ತಲಿ, ಪರವಾಗಿಲ್ಲ."

'ಕೆಟ್ಟದಾಗೇ ಎತ್ತಲಿ' ಅನ್ನೋದು ಅವರ ಕಿವಿಗೆ ಹೋಗಲಿಲ್ಲ. 'ತಯಾರಾಗ್ಲಿ' ಅನ್ನೋದಷ್ಟೇ ಹೋಯಿತು. ಶನಿವಾರ ಸಂಜೆ ಚರ್ಚಿನಲ್ಲಿ ಪಾಠ ಶುರುವಾಯಿತು. ಚಾಪೆ ತುಂಬ ಜನ ಬಂದರು. ಅಂಗೈ ಎದ್ದಿತು, ಇಳಿಯಿತು, ಎದ್ದಿತು. ಒಂದು ಹಾಡಿನ ಮೊದಲ ಸಾಲು ದಾಟೋ ಹೊತ್ತಿಗೆ ಮಳೆಗಾಲ ಕಳೆಯಿತು. ಕೊನೆಗೆ ಉಳಿದವಳು ಗಗನ ಒಬ್ಬಳೇ. ಲಿಂಗರಾಜುವಿನ ಮಗಳು, ಪುಟ್ಟಲಿಂಗಮ್ಮನ ಮೊಮ್ಮಗಳು. ನರ್ಸರಿ ಶಾಲೆಯಲ್ಲಿ ಟೀಚರು. ಮೂಗು ಸೋರುವ ಮೂವತ್ತು ಮಕ್ಕಳನ್ನ ಒಂದು ಹಾಡಿನಲ್ಲಿ ಸುಮ್ಮನೆ ಕೂರಿಸೋ ಜಾಣೆ. ಧ್ವನಿ ಸಣ್ಣದು, ಆದರೆ ಅವಳು ಹಾಡಿದರೆ ಕೇಳಿದವರಿಗೆ ತಾವೂ ಹಾಡಬೇಕು ಅನ್ನಿಸುತ್ತಿತ್ತು.

"ಅಂಕಲ್, ಒಂದು ಸಲ ಪೂರ್ತಿ ಹಾಡೋಕೆ ಬಿಡಿ. ಆಮೇಲೆ ಎಲ್ಲಾ ತಪ್ಪೂ ಒಟ್ಟಿಗೆ ಹೇಳಿ" ಅಂತ ಒಂದು ಶನಿವಾರ ಕೇಳಿಕೊಂಡಳು.

"ತಪ್ಪಿನ ಮೇಲೆ ಹೊಲಿಗೆ ಹಾಕ್ಕೊಂಡು ಹೋದ್ರೆ ಕೊನೆಗೆ ಇಡೀ ಬಟ್ಟೇನೇ ಬಿಚ್ಚಬೇಕಾಗುತ್ತೆ ಮಗಳೇ. ಮೊದಲಿಂದ."

ಮುಂದಿನ ಶನಿವಾರ ಚಾಪೆ ಖಾಲಿ. ಈಗಿನವರಿಗೆ ತಾಳ್ಮೆ ಇಲ್ಲ ಅಂತ ಗೊಣಗಿಕೊಂಡು ಪರಂಜ್ಯೋತಿ ಅದನ್ನ ಸುತ್ತಿಟ್ಟರು.

ಮರು ವರ್ಷ ಅವರ ಧ್ವನಿ ಒಡೆಯಿತು. ನೆಗಡಿ ಅಂದುಕೊಂಡರು, ಕಷಾಯ ಕುಡಿದರು, ಜೇನುತುಪ್ಪ ನೆಕ್ಕಿದರು. ಧ್ವನಿಪೆಟ್ಟಿಗೆಯಲ್ಲಿ ಗೆಡ್ಡೆ ಅಂತ ಗೊತ್ತಾಯಿತು. ಕುಯ್ದು ತೆಗೆದರು, ರೇಡಿಯೇಷನ್ ಶಾಖ ಕೊಟ್ಟರು. ಜೀವ ಉಳಿಯಿತು. ಧ್ವನಿ ಹೋಯಿತು. ಉಳಿದದ್ದು ಒಂದು ಪಿಸುಮಾತು, ಅದೂ ಮುಖದ ಹತ್ತಿರ ಕಿವಿ ತಂದರೆ ಮಾತ್ರ ಕೇಳೋವಂಥದ್ದು.

ವಾಸಿಯಾಗಿ ಚರ್ಚಿಗೆ ಹೋದ ಮೊದಲ ಭಾನುವಾರ ಎಲ್ಲರೂ ಬಂದು ಕೈ ಹಿಡಿದರು. ಅವರಿಲ್ಲದ ಅಷ್ಟು ದಿನ ಸಭೆ ಹಾಡನ್ನೇ ಬಿಟ್ಟು ಬರೀ ಪ್ರಾರ್ಥನೆಯಲ್ಲಿ ಕಳೆದಿತ್ತು. ಅಯ್ಯನವರು ಪೀಠದಿಂದ ನಂಬರು ಹೇಳಿದರು. ಹಾಳೆ ತಿರುವಿದ ಸದ್ದು. ಆಮೇಲೆ ಎಲ್ಲರ ಕಣ್ಣೂ ಎರಡನೇ ಬೆಂಚಿಗೆ ಬಂತು, ಅಭ್ಯಾಸ ನೋಡಿ. ಬಂದ ಕಣ್ಣುಗಳು ನಾಚಿಕೊಂಡು ಪುಸ್ತಕಕ್ಕೆ ಇಳಿದವು. ಯಾರೂ ಎತ್ತಲಿಲ್ಲ. ನಿಶಾಂತ್ ಅಯ್ಯನವರು ತಾವೇ ಶುರು ಮಾಡಿದರು ಪಾಪ, ಅವರಿಗೂ ಸಂಗೀತಕ್ಕೂ ಎಣ್ಣೆ ಸೀಗೇಕಾಯಿ. ಎರಡು ಸಾಲಿಗೆ ಕೈಬಿಟ್ಟು, "ನಾವು ಹಾಡನ್ನ ಒಟ್ಟಿಗೆ ಓದೋಣ" ಅಂದರು. ಓದಿದರು. ಕರೆಂಟ್ ಬಿಲ್ಲು ಓದಿದ ಹಾಗಿತ್ತು.

ಇಷ್ಟು ವರ್ಷ ತಮ್ಮ ಸಭೆ ಮೈಸೂರಿಗೇ ಚೆನ್ನಾಗಿ ಹಾಡುವ ಸಭೆ ಅಂತ ನಂಬಿದ್ದ ಮನುಷ್ಯ ಅವತ್ತು ಆ ಬೆಂಚಿನ ಮೇಲೆ ಕೂತು ಕೇಳಿದರು. ಈ ಸಭೆ ಹಾಡುತ್ತಲೇ ಇರಲಿಲ್ಲ. ನಾನೊಬ್ಬನೇ ಹಾಡುತ್ತಿದ್ದೆ. ಮನೆಗೆ ಬಂದು ಊಟ ಬೇಡ ಅಂದರು.

ಓದೋ ಭಾನುವಾರಗಳು ಹೀಗೇ ಕಳೆದವು. ಕೊನೆಗೆ ಹಿರಿಯರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬಂದರು: ಸ್ಪೀಕರ್ ತಂದುಬಿಡೋಣ, ಮೊಬೈಲಿನಲ್ಲಿ ಒಳ್ಳೊಳ್ಳೇ ಹಾಡು ಸಿಗುತ್ತೆ, ಹಾಕಿದರಾಯಿತು. ಅಯ್ಯನವರಿಗೆ ಮನಸ್ಸಿಲ್ಲ. ಪರಂಜ್ಯೋತಿಯವರ ಮನೆಗೆ ಬಂದು, "ಮೇಷ್ಟ್ರೇ, ಆ ಡಬ್ಬ ಒಂದು ಸಲ ಒಳಗೆ ಬಂದ್ರೆ ಜನ ಮತ್ತೆ ಬಾಯಿ ತೆಗೆಯೋಲ್ಲ. ಈ ಭಾನುವಾರ ಯಾರಾದ್ರೂ ಒಬ್ಬರು ಎತ್ತಿದ್ರೆ ಸಾಕು, ನಾನು ಹಿರಿಯರನ್ನ ಒಪ್ಪಿಸ್ತೀನಿ" ಅಂದರು. ಯಾರು ಅಂತ ಇಬ್ಬರಿಗೂ ಗೊತ್ತಿತ್ತು.

ಸಂಜೆ ಪರಂಜ್ಯೋತಿ ಹೆಂಡತಿಯನ್ನ ಕರೆದುಕೊಂಡು ಲಿಂಗರಾಜುವಿನ ಮನೆಗೆ ಹೋದರು. ಪುಟ್ಟಲಿಂಗಮ್ಮ ಹೊಸಿಲ ಹತ್ತಿರ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಗಗನ ಆಗಷ್ಟೇ ಶಾಲೆಯಿಂದ ಬಂದು ಕಾಫಿ ಕಾಯಿಸುತ್ತಿದ್ದಳು. ಪರಂಜ್ಯೋತಿ ಪಿಸುಗುಟ್ಟಿದರು, ಸಂಘಮಿತ್ರ ಕಿವಿಗೊಟ್ಟು ಕೇಳಿ ದೊಡ್ಡದಾಗಿ ಹೇಳಿದರು: "ಭಾನುವಾರ ನೀನು ಹಾಡು ಎತ್ತಬೇಕಂತೆ ಕಣಮ್ಮ."

ಪುಟ್ಟಲಿಂಗಮ್ಮ ತಲೆ ಎತ್ತದೆ ಅಂದಳು: "ಈಗ ಗೊತ್ತಾಯ್ತೇನಪ್ಪ, ಬಾಯಿ ಕಟ್ಟಿದ್ರೆ ಎಂಗಿರ್ತದೆ ಅಂತ?"

ಪರಂಜ್ಯೋತಿ ಕೈ ಮುಗಿದರು. ಈ ಸಲ ಹೆಂಡತಿ ಬಾಯಿಂದ ಹೇಳಿಸಲಿಲ್ಲ. ಆಕೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಾವೇ, "ತಪ್ಪಾಯ್ತು ಕಣವ್ವ" ಅಂತ ಪಿಸುಗುಟ್ಟಿದರು. ಆಕೆ ಅವರೆಕಾಯಿ ಬಿಡಿಸುವುದನ್ನ ನಿಲ್ಲಿಸಿ ಅವರ ಮುಖ ನೋಡಿದಳು. "ನನ್ನ ಕಾಲ ಮುಗೀತು ಬುಡು. ಮಗೂನ ಕೇಳು" ಅಂದಳು.

ಗಗನ ಲೋಟ ಹಿಡಿದುಕೊಂಡೇ ನಿಂತಿದ್ದಳು. "ನೀವು ಎದುರಿಗಿದ್ರೆ ನನಗೆ ಭಯ ಅಂಕಲ್. ಎತ್ತುತ್ತೀನಿ. ಆದ್ರೆ ನಾನು ಎಂಗೇ ಹಾಡಿದ್ರೂ, ಎಷ್ಟೇ ತಪ್ಪಿದ್ರೂ, ಕೈ ಮಾತ್ರ ಎತ್ತಬಾರದು."

ಪರಂಜ್ಯೋತಿ ಆಣೆ ಇಡೋಕೆ ಹೋದರು. "ಆಣೆಗೀಣೆ ಬ್ಯಾಡ, ಸುಮ್ನೆ ಕೂತ್ಕೊಂಡ್ರೆ ಸಾಕು" ಅಂದಳು ಅಜ್ಜಿ. ಎಲ್ಲರೂ ನಕ್ಕರು. ದಾರಿಯುದ್ದಕ್ಕೂ ಪರಂಜ್ಯೋತಿಯವರ ಮುಖದಲ್ಲಿ ಒಂದು ಗೆಲುವು. ಎಷ್ಟೋ ತಿಂಗಳ ಮೇಲೆ ಆ ರಾತ್ರಿ ಎರಡು ಮುದ್ದೆ ಉಂಡರು.

ಭಾನುವಾರ ಬಂತು. ಪರಂಜ್ಯೋತಿ ಎರಡನೇ ಬೆಂಚು ಬಿಟ್ಟು ಹಿಂದೆ ಕೂರೋಣ ಅಂದುಕೊಂಡರು. ಹಿಂದಿದ್ದರೆ ಹುಡುಗಿ ತಿರುಗಿ ತಿರುಗಿ ನೋಡುತ್ತಾಳೆ ಅಂತ ಸಂಘಮಿತ್ರ ತಡೆದರು. ಹಾಡಿನ ಪುಸ್ತಕವನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತರು. ಅಯ್ಯನವರು ನಂಬರು ಹೇಳಿದರು. ಕಲ್ಯಾಣಿ ರಾಗದ ಹಾಡು. ಗಗನ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು, ಎತ್ತಿದಳು.

ಶ್ರುತಿ ಸ್ವಲ್ಪ ಮೇಲಾಯಿತು. ಆಗಲಿ, ಆಗಲಿ ಅಂದುಕೊಂಡರು ಪರಂಜ್ಯೋತಿ. ಒಬ್ಬರು ಸೇರಿದರು. ಆಮೇಲೆ ನಾಲ್ಕು ಜನ. ಗಾರೆಯವರ ದಪ್ಪ ಧ್ವನಿ, ಆಯಾಗಳ ಸೀಳು ಧ್ವನಿ, ಯಾವುದೋ ಮಗುವಿನ ಅರಚು, ಎಲ್ಲಾ ಒಂದರ ಮೇಲೊಂದು ಬಿದ್ದುಕೊಂಡು ಬರತೊಡಗಿತು. ಹಿಂದಿನಿಂದ ರಾಗಿ ಬೀಸೋ ಧಾಟಿಯಲ್ಲಿ ಒಂದು ಮುದುಕಿಯ ಧ್ವನಿ ಎದ್ದಿತು. ಪುಟ್ಟಲಿಂಗಮ್ಮ ಹಾಡುತ್ತಿದ್ದಳು! ಪರಂಜ್ಯೋತಿಯವರ ಕಣ್ಣು ತುಂಬಿತು. ಸಭೆ ಅಂದರೆ ಇದು ಅಂತ ಅವರಿಗೆ ಅರವತ್ತು ದಾಟಿದ ಮೇಲೆ ಅನ್ನಿಸಿತು.

ಎರಡನೇ ಸಾಲಿನಲ್ಲಿ ಗಗನ ಮೇಲಿನ ಮಧ್ಯಮ ಹಿಡಿಯುವ ಕಡೆ ಕೆಳಗಿನದು ಹಿಡಿದಳು. ಕಲ್ಯಾಣಿ ಜಾರಿ ಇನ್ನೊಂದು ರಾಗಕ್ಕೆ ಬಿತ್ತು.

ಕೈ ಎದ್ದಿತು.

ಅವರು ಎತ್ತಲಿಲ್ಲ. ದೇವರಾಣೆಗೂ ಅವರಾಗಿ ಎತ್ತಲಿಲ್ಲ. ಪುಸ್ತಕ ಕೆಳಗೆ ಬಿದ್ದ ಸದ್ದು ಕೇಳಿ ನೋಡಿದರೆ, ಮುಖದ ಎದುರಿಗೆ ಒಂದು ಅಂಗೈ ನಿಂತಿತ್ತು. ಅದು ತಮ್ಮದು. ಹುಟ್ಟುಗುಣ ಸುಟ್ಟರೂ ಹೋಗೋಲ್ಲ ಅಂತಾರಲ್ಲ, ಗಂಟಲನ್ನೇ ಸುಟ್ಟು ತೆಗೆದರೂ ಹೋಗಿರಲಿಲ್ಲ. ಹಾಡು ನಿಂತಿತು. ಸಾಲುಸಾಲಾಗಿ, ಮುಂದಿನಿಂದ ಹಿಂದಿನವರೆಗೆ. ಎಲ್ಲರಿಗಿಂತ ಕೊನೆಗೆ ಪುಟ್ಟಲಿಂಗಮ್ಮ ನಿಂತಳು.

ಪರಂಜ್ಯೋತಿ ಗಾಬರಿಯಿಂದ ಎದ್ದರು. ಹಾಡಿ, ಹಾಡಿ ಮಗಳೇ, ನಿಲ್ಲಿಸಬೇಡಿ ಅಂತ ಕೂಗಿದರು. ಗಂಟಲಿಂದ ಬರೀ ಗಾಳಿ ಬಂತು. ಮುಂದುವರಿಸಿ ಅಂತ ಎರಡೂ ಕೈ ಬೀಸಿದರು. ಬೇಡ, ನಿಲ್ಲಿಸಿ ಅಂತ ಬೀಸುತ್ತಿದ್ದಾರೆ ಅಂದುಕೊಂಡ ಜನ ಒಬ್ಬೊಬ್ಬರಾಗಿ ಕೂತುಬಿಟ್ಟರು. ಸಂಘಮಿತ್ರ ಎದ್ದು, "ಹಾಡಬೇಕಂತೆ, ಮುಂದಕ್ಕೆ ಹಾಡಬೇಕಂತೆ!" ಅಂದರು. ಯಾರು ಕೇಳುತ್ತಾರೆ? ಗಗನ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಪುಟ್ಟಲಿಂಗಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಬೈಯಲೂ ಇಲ್ಲ, ಕೂಗಲೂ ಇಲ್ಲ. "ಪಾಪ, ಅವನೇನು ಮಾಡಾನು ಬುಡಿ" ಅಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆ ವಾರ ಅವರು ದಿನಾ ಲಿಂಗರಾಜುವಿನ ಮನೆ ಬಾಗಿಲಿಗೆ ಹೋದರು. ಲಿಂಗರಾಜು ಮರ್ಯಾದೆಯಿಂದಲೇ ಕೂರಿಸಿ ಕಾಫಿ ಕೊಟ್ಟ. ಗಗನ ಒಳಗಿನಿಂದ ಬರಲಿಲ್ಲ. ಮನೆಯವರೆಲ್ಲ ಇನ್ನು ರಿಂಗ್ ರಸ್ತೆಯ ಆಚೆ ಸಭೆಗೆ ಹೋಗೋದು ಅಂತ ತೀರ್ಮಾನ ಮಾಡಿದ್ದಾರೆ ಅಂತ ಅವನೇ ತಲೆ ತಗ್ಗಿಸಿಕೊಂಡು ಹೇಳಿದ.

ಮುಂದಿನ ಭಾನುವಾರ ಪೀಠದ ಪಕ್ಕ ಸ್ಪೀಕರ್ ಬಂದಿತ್ತು. ಅಯ್ಯನವರು ನಂಬರು ಹೇಳಿದರು, ಮೊಬೈಲಿನ ಗುಂಡಿ ಒತ್ತಿದರು, ಪರಂಜ್ಯೋತಿಯವರ ಕಡೆ ನೋಡಲಿಲ್ಲ. ಯಾರೋ ಗೊತ್ತಿಲ್ಲದ ಗಾಯಕ, ತಿದ್ದಿದ ಧ್ವನಿ, ಬೆಂಗಳೂರಿನದ್ದೋ ಮದರಾಸಿನದ್ದೋ. ಎಲ್ಲರೂ ಎದ್ದು ನಿಂತು, ಪುಸ್ತಕ ಬಿಡಿಸಿಕೊಂಡು ಕೇಳಿದರು. ಸಂಘಮಿತ್ರ ಪುಟ ತೆಗೆದು ಗಂಡನ ಮುಂದೆ ಹಿಡಿದರು. ಪರಂಜ್ಯೋತಿ ಪುಟ ನೋಡಲಿಲ್ಲ, ಒಬ್ಬೊಬ್ಬರ ಬಾಯಿ ನೋಡುತ್ತಾ ಹೋದರು. ಯಾರಾದರೂ ಒಬ್ಬರು ಹಾಡಲಿ ದೇವರೇ, ತಪ್ಪಾಗೇ ಹಾಡಲಿ, ಒಂದು ಅಪಸ್ವರ ಕೇಳಿಸಪ್ಪ ನನಗೆ ಅಂತ ಬೇಡಿಕೊಂಡರು. ಸ್ಪೀಕರಿನ ಹಾಡಿನಲ್ಲಿ ಒಂದು ಸ್ವರವೂ ತಪ್ಪಲಿಲ್ಲ. ಕೊನೆಯ ಆಮೆನ್ ಕೂಡ ಅದೇ ಹೇಳಿತು, ಸಭೆ ಕೂತುಕೊಂಡಿತು.